ಹುರ್ಕಾ ರೊಟ್ಟಿಯ ಋಣ

"ಈ ಕಲ್ಲಿಗೆ ಹನ್ನೆರಡು ಮೂಲೆ. ಪಕ್ಕದ ಕಲ್ಲಿಗೂ ಇದಕ್ಕೂ ನಡುವೆ ಚಾಕು ತೂರಿಸಿ ನೋಡಿ, ಹೋಗಲ್ಲ. ಸುಣ್ಣ ಇಲ್ಲ, ಗಾರೆ ಇಲ್ಲ. ಒಂದಕ್ಕೊಂದು ಒಪ್ಪಿ ಕೂತಿವೆ ಅಷ್ಟೇ. ಗಂಡ ಹೆಂಡ್ತಿ ಅಂದ್ರೆ ಹೀಗಿರಬೇಕು!"

ಪ್ರವಾಸಿಗಳು ಗೊಳ್ಳನೆ ನಕ್ಕರು. ಸೆವೆರಿನೊ ತನ್ನ ಕಾಮನಬಿಲ್ಲಿನ ಬಣ್ಣದ ಬಾವುಟವನ್ನು ಯಾನಿರಾಳ ಕೈಗೆ ಕೊಟ್ಟು, ಅವಳ ಇನ್ನೊಂದು ಕೈ ಹಿಡಿದು ಕಲ್ಲಿನ ಮೂಲೆಗಳ ಮೇಲೆ ಒಂದೊಂದಾಗಿ ಆಡಿಸಿ ತೋರಿಸಿದ. ಯಾನಿರಾ ನಾಚಿದಳು.

ಗುಂಪಿನ ಹಿಂದೆ, ಅಗಲವಾದ ಹುಲ್ಲು ಟೋಪಿ ಮತ್ತು ಕಪ್ಪು ಕನ್ನಡಕದೊಳಗೆ ಅಡಗಿ ನಿಂತಿದ್ದ ಲೆಯೊಕಾಡಿಯಾ ಸುಳ್ಕಾಳಿಗೆ ಮೈಯೆಲ್ಲ ಉರಿದುಹೋಯಿತು. ಇದೇ ಕುಸ್ಕೊ ಊರಿನ ಇದೇ ಕಲ್ಲಿನ ಮುಂದೆ, ಇದೇ ಮಾತನ್ನು ಅವನು ಮೊದಲು ಹೇಳಿದ್ದು ಅವಳಿಗೆ. ಕೈ ಹಿಡಿದು ಮೂಲೆ ಎಣಿಸಿದ್ದೂ ಅವಳ ಕೈಯನ್ನೇ. ದರಿದ್ರದವನು, ಹೆಂಡತಿ ಬದಲಾದಳು, ಮಾತನ್ನಾದರೂ ಬದಲಾಯಿಸಬಾರದೇ?

ಗುಂಪು ಏರುದಾರಿ ಹಿಡಿಯಿತು. ಸೆವೆರಿನೊ ಬೇಕಂತಲೇ ಹಿಂದೆ ಬಿದ್ದು ಅವಳ ಜೊತೆ ಹೆಜ್ಜೆ ಹಾಕಿದ.

"ಲೆಯೊ, ಏನಿದು ವೇಷ? ಅರೆಕಿಪಾದಿಂದ ಬಂದ ಪ್ರವಾಸಿ ಅಂತ ಹೆಸರು ಕೊಟ್ಟಿದ್ದೀಯಂತೆ."

"ನಿಮ್ಮಮ್ಮನ್ನ ಕೇಳು. ಅವರೇ ಕಳಿಸಿದ್ದು."

"ಪೊಲೀಸ್ ಕೆಲಸ ಬಿಟ್ಟು ಯಾವ ಕಾಲ ಆಯ್ತು. ಊರವರ ಕಳೆದುಹೋದ ಕತ್ತೆ ಹುಡುಕ್ಕೊಂಡು ಹಾಯಾಗಿ ಇರಬಾರದಾ?"

"ಹುಡುಕ್ತಾನೇ ಇದೀನಿ. ಒಂದು ಕತ್ತೆ ಎರಡು ವರ್ಷದಿಂದ ಸಿಕ್ಕಿಲ್ಲ, ಪಕ್ಕದ ಹೊಲ ಮೇಯ್ತಾ ಇದೆ."

ಸೆವೆರಿನೊ ತಲೆ ಕೆರೆದುಕೊಂಡು ಮುಂದೆ ಓಡಿದ. ಅವಳಿಗೆ ಒಂದು ಗುಟುಕು ನೀರು ಕುಡಿದಷ್ಟು ಸಮಾಧಾನವಾಯಿತು.

ಕಳೆದ ವಾರ ಇವನ ಗುಂಪು ಸಾರಾಪಾತಾ ಕೇರಿಯ ಚಿಕ್ಕ ಇಗರ್ಜಿಯೊಳಗೆ ಇದ್ದಾಗಲೇ ಮಾತೆ ಮರಿಯಮ್ಮನ ಬೆಳ್ಳಿಯ ಕಿರೀಟ ಮಾಯವಾಗಿತ್ತು. ಬಾಗಿಲಲ್ಲೇ ಎಲ್ಲರ ಚೀಲ ಜಾಲಾಡಿದರೂ ಸಿಕ್ಕಿರಲಿಲ್ಲ.

ಹೊರಗೆ ಹೋಗಿಲ್ಲ ಅಂದ ಮೇಲೆ ಒಳಗೇ ಎಲ್ಲೋ ಅಡಗಿದೆ. ಅಡಗಿಸಿದವರು ಅದನ್ನು ಒಯ್ಯಲು ಮತ್ತೆ ಬರಲೇಬೇಕು. ಆ ಇಗರ್ಜಿಯ ಬಾಗಿಲು ವಾರಕ್ಕೊಮ್ಮೆ ಸೆವೆರಿನೊನ ಗುಂಪಿಗೆ ಮಾತ್ರ ತೆರೆಯುತ್ತದೆ. ಲೆಯೊಕಾಡಿಯಾಳ ಲೆಕ್ಕಾಚಾರ ಇಷ್ಟೇ. ಇವತ್ತು ಸಂಜೆ ಹಬ್ಬದ ಗಂಟೆ ಬಾರಿಸುವ ಹೊತ್ತಿಗೆ ಕಿರೀಟ ಮರಿಯಮ್ಮನ ತಲೆಯ ಮೇಲಿರದಿದ್ದರೆ ಕೇರಿಯವರು ಸೆವೆರಿನೊನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಹಾಗಂತ ತೀರ್ಮಾನವಾಗಿತ್ತು.

"ಸಾಯಲಿ" ಅಂತ ಲೆಯೊಕಾಡಿಯಾ ಕೈತೊಳೆದುಕೊಳ್ಳಬಹುದಿತ್ತು. ಆದರೆ ಬೆಳಕು ಹರಿಯುವ ಮೊದಲೇ ಅತ್ತೆ ತೊಮಾಸಾ ಬಾಗಿಲು ಬಡಿದಿದ್ದರು. ಮರಿಯಮ್ಮನಿಗೆ ಉಡಿಸಿ ತೊಡಿಸುವ ಸೇವೆ ಮೂವತ್ತು ವರ್ಷದಿಂದ ಈ ಮುದುಕಿಯದ್ದೇ. ಬಟ್ಟೆಗಂಟಿನಲ್ಲಿ ತಟ್ಟೆಯಗಲದ, ಒಲೆಯಲ್ಲಿ ಉಬ್ಬಿದ ಬಿಸಿಬಿಸಿ ಸಿಹಿರೊಟ್ಟಿ ಇತ್ತು. ನಿದ್ದೆಗಣ್ಣಿನಲ್ಲಿ, ಹಸಿದ ಹೊಟ್ಟೆಯಲ್ಲಿ, ಲೆಯೊಕಾಡಿಯಾ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡುಬಿಟ್ಟಳು.

ನುಂಗಿದ ಮೇಲೆ ಗೊತ್ತಾಯಿತು, ಅದು ಹುರ್ಕಾ ರೊಟ್ಟಿ.

ಹಬ್ಬಕ್ಕೆ ಬಾಣಬಿರುಸೋ, ವಾದ್ಯದವರೋ, ಮರಿಯಮ್ಮನಿಗೆ ಹೊಸ ಉಡುಗೆಯೋ ಬೇಕಾದರೆ ಈ ರೊಟ್ಟಿ ಹಿಡಿದುಕೊಂಡೇ ಮನೆಗೆ ಹೋಗಿ ಕೇಳುವುದು. ಬೇಡ ಅನ್ನುವವರು ರೊಟ್ಟಿ ಮುಟ್ಟುವ ಮೊದಲೇ ಅನ್ನಬೇಕು. ಒಂದು ತುಂಡು ಗಂಟಲಿಳಿಯಿತೋ, ಕೇಳಿದ್ದನ್ನು ಮಾಡಿಕೊಟ್ಟೇ ತೀರಬೇಕು.

"ತಿಂದೆಯಲ್ಲ," ಅಂದಿದ್ದರು ತೊಮಾಸಾ, ಕಣ್ಣೊರೆಸಿಕೊಳ್ಳುತ್ತ. "ಇನ್ನು ಸಂಜೆಯೊಳಗೆ ಕದ್ದವರ ಹೆಸರು ನೀನೇ ಹೇಳಬೇಕು. ಎಲ್ಲರ ಮುಂದೆ. ನೀನು ಮನೆಯಿಂದ ಓಡಿಸಿದ್ದು ಅವನನ್ನ, ನನ್ನನ್ನಲ್ಲ. ನಾನಿನ್ನೂ ನಿನ್ನ ಅತ್ತೆಯೇ."

"ಅತ್ತೆ, ಇದೇನು, ರೊಟ್ಟೀಲಿ ಆಗಲೇ ಒಂದು ತುಂಡು ಇಲ್ವಲ್ಲ? ಅರ್ಧಂಬರ್ಧ ರೊಟ್ಟೀಲಿ ಕಟ್ಟಿಹಾಕ್ತೀರಾ?"

"ದಾರೀಲಿ ನಾಯಿ ಅಡ್ಡ ಬಂತು, ಹಾಕಿದೆ. ತಿಂದದ್ದು ತಿಂದದ್ದೇ."

ಉಳಿದ ರೊಟ್ಟಿ ಈಗ ಅವಳ ಹೆಗಲ ಚೀಲದಲ್ಲಿ ಅದೇ ಬಟ್ಟೆಗಂಟಿನೊಳಗಿತ್ತು.

*

ಸಾರಾಪಾತಾ ಇಗರ್ಜಿಯ ಒಳಗೆ ಮೇಣದ ಬತ್ತಿಯ ವಾಸನೆ. ಮರಿಯಮ್ಮ ಬರಿ ತಲೆಯಲ್ಲಿ ನಿಂತಿದ್ದಳು. ನೋಡಿದರೆ ಯಾರಿಗಾದರೂ ಕರುಳು ಚುರ್ ಅನ್ನಬೇಕು.

ಲೆಯೊಕಾಡಿಯಾಳ ನೋವು ಬೇರೆಯೇ. ಆ ಕಿರೀಟದ ಒಳಬಳೆಯಲ್ಲಿ "ಸೆವೆರಿನೊ ಮತ್ತು ಲೆಯೊಕಾಡಿಯಾ ಇವರ ಹರಕೆ" ಅಂತ ಕೆತ್ತಿತ್ತು. ಮದುವೆಯಾದ ವರ್ಷ ಅತ್ತೆ ಮಾಡಿಸಿದ್ದು. ಗಂಡ ಹೋದ, ಮನೆ ಹೋಯಿತು, ಆದರೆ ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಆ ಕಿರೀಟ ಹೊಳೆಯುತ್ತ ಬಂದಾಗ ಅವಳು ಒಂದಿಂಚು ಎತ್ತರವಾಗಿ ನಿಲ್ಲುತ್ತಿದ್ದಳು. ಅದು ಹೋದರೆ ಮುಂದಿನ ಕಿರೀಟದಲ್ಲಿ ಕೆತ್ತುವ ಹೆಸರು ಯಾರದ್ದು? ಯಾನಿರಾಳದ್ದು. ಇದನ್ನು ನೆನೆದರೇ ಅವಳ ಬಾಯಿ ಕಹಿಯಾಗುತ್ತಿತ್ತು.

ಮನಸ್ಸಿನಲ್ಲೇ ಸೋಸಿದಳು. ಕಳೆದ ವಾರ ಇಲ್ಲಿದ್ದು ಇವತ್ತೂ ಇರುವವರು ಮೂವರು. ಸೆವೆರಿನೊ. ಅವನ ಸಹಾಯಕಿ ಯಾನಿರಾ. ಮತ್ತೆ ಚಿಲಿ ದೇಶದಿಂದ ಬಂದ ಕಾರ್ಲಾ ಎಂಬ ಹೆಂಗಸು, "ಅಷ್ಟು ಚೆಂದ ಇತ್ತು, ಇನ್ನೊಂದ್ಸಲ ಬಂದೆ, ಪೊ" ಅಂತ ಚಿಲಿಯವರ ಹಾಗೆ ಮಾತಿಗೊಂದು "ಪೊ" ಬಾಲ ಅಂಟಿಸುವವಳು.

ಸೆವೆರಿನೊ ಎಲ್ಲರ ಕತ್ತು ಮೇಲೆತ್ತಿಸಿ ಚಾವಣಿಯ ಚಿತ್ರಗಳನ್ನು ವಿವರಿಸತೊಡಗಿದ. ಲೆಯೊಕಾಡಿಯಾ ಕತ್ತೆತ್ತಲಿಲ್ಲ. ಯಾನಿರಾಳನ್ನು ನೋಡುತ್ತಿದ್ದಳು. ಕತ್ತಿನ ಸರ ನೋಡಿದಳು, ಹೊಸ ಬೂಟು ನೋಡಿದಳು, ನಗುವಾಗ ಕೆನ್ನೆಯಲ್ಲಿ ಬೀಳುವ ಗುಳಿ ನೋಡಿದಳು. ಸಮುದ್ರ ತೀರದ ಹುಡುಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಇವಳಿಗೇಕೆ ಬೇಕಿತ್ತು ನಮ್ಮ ಬೆಟ್ಟದೂರು?

ಗೋಡೆಯ ಪಕ್ಕ ಕುದುರೆ ಏರಿದ ಸಂತ ಸಾಂತಿಯಾಗೊ ಇದ್ದ. ಮರದ ಕುದುರೆ, ಬೆನ್ನ ಮೇಲೆ ಮೊಣಕಾಲವರೆಗೆ ಇಳಿಬಿದ್ದ ಜರತಾರಿ ಬಟ್ಟೆಯ ಜೂಲು. ಪ್ರತಿಸಲ ಸೆವೆರಿನೊ ಆ ಕುದುರೆಯ ಹೊಟ್ಟೆ ತಟ್ಟಿ, "ಕೇಳಿದ್ರಾ? ಖಾಲಿ! ಗೈಡಿನ ಹೊಟ್ಟೆ ಇದ್ದ ಹಾಗೆ!" ಅಂತ ಒಂದು ತಮಾಷೆ ಮಾಡುತ್ತಿದ್ದ. ಇವತ್ತು ಆ ಕಡೆ ಸುಳಿಯಲಿಲ್ಲ.

ಆ ಹೊತ್ತಿಗೆ ಯಾನಿರಾ ಕುದುರೆಯ ಬಳಿ ಹೋದಳು. ಹಿಂದೆ ಮುಂದೆ ನೋಡಿ, ಜೂಲಿಗೆ ಕೈ ಹಾಕಿ, ಏನೋ ಸರಿಮಾಡಿ, ಬೇಗ ಈಚೆ ಬಂದಳು.

ಸಿಕ್ಕಿಬಿದ್ದಳು! ಲೆಯೊಕಾಡಿಯಾ ನೆಟ್ಟಗೆ ಬಾಗಿಲ ಕಡೆ ನಡೆದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವಳದ್ದಲ್ಲ. ಇವತ್ತು ಮಾತ್ರ ಎತ್ತೂ ಅವಳದ್ದೇ, ಕೊಟ್ಟಿಗೆಯೂ ಅವಳದ್ದೇ.

ಬಾಗಿಲಲ್ಲಿ ನಿಂತಿದ್ದ ತೊಮಾಸಾರ ಕಿವಿಯಲ್ಲಿ ಉಸುರಿದಳು. "ಅತ್ತೆ, ಅವಳೇ. ಯಾನಿರಾ. ಬಿಡಬೇಡಿ."

ಮುದುಕಿಯ ಮುಖ ಅರಳಿತು. "ಖಂಡಿತ ತಾನೆ?"

"ನನ್ನ ಕಣ್ಣಾರೆ ನೋಡಿದೆ."

ಕೇರಿಯ ನಾಲ್ಕು ಗಟ್ಟಿ ಹೆಂಗಸರು "ಬಾಮ್ಮ, ಹೂವು ಕಟ್ಟೋದಕ್ಕೆ ಒಂದು ಕೈ ಬೇಕು" ಅಂತ ಯಾನಿರಾಳನ್ನು ಒಳಗೇ ಉಳಿಸಿಕೊಂಡರು.

*

ಹೊತ್ತು ಇಳಿದ ಮೇಲೆ, ತಡವಾದ ಊಟಕ್ಕೆ ಅಂಗಳದ ಹೋಟೆಲು. ಉದ್ದ ಬೆಂಚು, ಬೇಯಿಸಿದ ಮುಸುಕಿನ ಜೋಳ, ಚೀಸ್, ಸ್ಟ್ರಾಬೆರಿ ಹಾಕಿದ ಚಿಚಾ ಅನ್ನುವ ಸಿಹಿ ಜೋಳದ ಪಾನೀಯದ ದೊಡ್ಡ ದೊಡ್ಡ ಲೋಟಗಳು. ಪ್ರವಾಸಿಗಳು ಮೊದಲು ಲೋಟದ ಜೊತೆ ಫೋಟೋ ತೆಗೆಸಿಕೊಂಡು ಆಮೇಲೆ ಕುಡಿದರು.

ಸೆವೆರಿನೊ ಕೂರಲೂ ಇಲ್ಲ. "ಯಾನಿರಾ ಎಲ್ಲಿ? ಇಷ್ಟು ಹೊತ್ತು ಎಂಥ ಹೂವು ಕಟ್ತಾಳೆ?"

"ಯಾಕಪ್ಪ, ಅವಳು ಬಂದು ತುತ್ತು ಬಾಯಿಗೆ ಇಡಬೇಕಾ?" ಅಂದಳು ಲೆಯೊಕಾಡಿಯಾ. "ನಾನಿದ್ದಾಗ ತಟ್ಟೆ ಮುಂದೆ ಬಂದ್ರೆ ತಲೆ ಎತ್ತುತ್ತಿರಲಿಲ್ಲ ನೀನು."

"ನಿನಗೆ ಹೊಟ್ಟೆಕಿಚ್ಚು ಕಣೇ."

"ಹೌದು, ಹೊಟ್ಟೆಕಿಚ್ಚೇ. ಏನೀಗ?"

ಅವನು ಬಾವುಟ ಎತ್ತಿಕೊಂಡು ಇಗರ್ಜಿಯ ಕಡೆ ಹೊರಟುಹೋದ. ಲೆಯೊಕಾಡಿಯಾಳಿಗೆ ಗೆದ್ದ ಖುಷಿ. ಆ ಖುಷಿಯಲ್ಲೇ ಬಟ್ಟೆಗಂಟು ಬಿಚ್ಚಿ, ಉಳಿದ ರೊಟ್ಟಿಯಲ್ಲಿ ತುಂಡು ತುಂಡು ಮುರಿದು ಬೆಂಚಿನುದ್ದಕ್ಕೂ ಹಂಚಿದಳು. ತಿನ್ನಿ, ನಮ್ಮೂರಿನ ಸಿಹಿ. ಎಲ್ಲರೂ ಚಪ್ಪರಿಸಿಕೊಂಡು ತಿಂದರು.

ಕಾರ್ಲಾ ಕೈ ಚಾಚಿದಳು. ರೊಟ್ಟಿಯನ್ನು ಸರಿಯಾಗಿ ನೋಡಿದಳು. ಬಿಸಿ ಹಂಚು ತಾಗಿದಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡ ಬೇಡ. ಸಕ್ಕರೆ ಕಾಯಿಲೆ ನಂಗೆ, ಪೊ."

ಅವಳ ಮುಂದೆ ಸಿಹಿ ಚಿಚಾದ ಲೋಟ ತಳ ಕಂಡಿತ್ತು. ತುಟಿಯ ಮೇಲೆ ಕೆಂಪು ನೊರೆ ಇನ್ನೂ ಆರಿರಲಿಲ್ಲ.

ಲೆಯೊಕಾಡಿಯಾಳ ಕೈಯಲ್ಲಿದ್ದ ಜೋಳದ ತೆನೆ ಅಲ್ಲೇ ನಿಂತಿತು. ಜರ್ಮನಿಯವನು ತಿಂದ, ಬ್ರೆಜಿಲ್‌ನವಳು ತಿಂದಳು. ಇದು ಯಾವ ರೊಟ್ಟಿ ಅಂತ ಗೊತ್ತಿಲ್ಲದವರಿಗೆ ಇದು ಬರೀ ರೊಟ್ಟಿ. ಕಂಡು ಬೆಚ್ಚಬೇಕಾದರೆ ಕುಸ್ಕೊದ ಕೇರಿಯಲ್ಲೇ ಹುಟ್ಟಿ ಬೆಳೆದಿರಬೇಕು. ಚಿಲಿಯವಳಂತೆ, ಚಿಲಿಯವಳು!

ಹಿಂದೆಯೇ ಇನ್ನೊಂದು ಯೋಚನೆ ಬಂದು ಕೆನ್ನೆಗೆ ಹೊಡೆಯಿತು. ಯಾನಿರಾ ಕುದುರೆಯ ಜೂಲನ್ನು ಸರಿಮಾಡಿದ್ದಳು. ಓರೆಯಾಗಿದ್ದದ್ದನ್ನು ತಾನೇ ಸರಿಮಾಡುವುದು? ಹಾಗಾದರೆ ಓರೆ ಮಾಡಿದವರು ಯಾರು? ಅವಳಿಗಿಂತ ಮೊದಲು ಆ ಕುದುರೆಯ ಹತ್ತಿರ ಯಾರಿದ್ದರು? ಲೆಯೊಕಾಡಿಯಾ ನೋಡಿರಲಿಲ್ಲ. ಅವಳು ಆಗ ಹೊಸ ಬೂಟು ನೋಡುತ್ತಿದ್ದಳು.

ಕಾರ್ಲಾ ಎದ್ದು ಕೈತೊಳೆಯಲು ಹಿತ್ತಲಿಗೆ ಹೋದಳು. ಲೆಯೊಕಾಡಿಯಾ ಹಿಂದೆಯೇ ಹೋಗಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತು ಕನ್ನಡಕ ತೆಗೆದಳು.

"ಯಾವ ಕೇರಿ ನಿಮ್ಮದು, ಅಕ್ಕಾ?"

"ನಾನು ಚಿಲಿ—"

"ಬಾಲ ಬಿಚ್ಚಿಟ್ಟು ಮಾತಾಡಿ. ಯಾವ ಕೇರಿ?"

ಆ ಹೆಂಗಸು ನೀರಿನ ತೊಟ್ಟಿಯ ಅಂಚು ಹಿಡಿದುಕೊಂಡಳು. ಮಾತಾಡಿದಾಗ "ಪೊ" ಇರಲಿಲ್ಲ. ದನಿಯೇ ಬೇರೆಯಾಗಿತ್ತು, ಅಪ್ಪಟ ಕುಸ್ಕೊದ ದನಿ.

"ಸಾರಾಪಾತಾ. ಎರ್ಮೆಲಿಂದಾ ಅಂತ ನನ್ನ ಹೆಸರು. ನೀನು ಲೆಯೊಕಾಡಿಯಾ. ಟೋಪಿ ಹಾಕ್ಕೊಂಡ್ರೆ ಗೊತ್ತಾಗಲ್ವಾ? ನಿನ್ನ ಮದುವೆ ಫೋಟೋನ ಎಷ್ಟು ಸಲ ನೋಡಿದೀನಿ ಅಂತ ನನಗೇ ಗೊತ್ತು."

"ನನ್ನ ಮದುವೆ ಫೋಟೋ ನಿನಗ್ಯಾಕೆ?"

"ಅದರಲ್ಲಿ ನಾನಿರಬೇಕಿತ್ತು, ಅದಕ್ಕೆ."

ಹಿತ್ತಲಲ್ಲಿ ಕೋಳಿಗಳು ಕೆದಕುತ್ತಿದ್ದವು. ಲೆಯೊಕಾಡಿಯಾ ಟೋಪಿ ತೆಗೆದು ಕೈಯಲ್ಲಿ ಹಿಡಿದಳು.

"ನಿಮ್ಮತ್ತೆ ಹುರ್ಕಾ ರೊಟ್ಟಿ ತಂದುಕೊಟ್ಟಿದ್ದು ನನಗೆ," ಅಂದಳು ಎರ್ಮೆಲಿಂದಾ. "ಇಪ್ಪತ್ತು ವರ್ಷದ ಹುಡುಗಿ ನಾನು. ‘ಮರಿಯಮ್ಮನಿಗೆ ಕಿರೀಟ ಮಾಡಿಸಿಕೊಡು, ನನ್ನ ಮಗನ್ನ ನಿನಗೇ ಕೊಡ್ತೀನಿ’ ಅಂದ್ರು. ತಿಂದೆ. ತಿಂದ ಮೇಲೆ ಮುಗೀತಲ್ಲ? ಚಿಲಿಗೆ ಹೋಗಿ ಕಂಡವರ ಮನೆ ನೆಲ ಒರೆಸಿ, ಒಂದೊಂದೇ ತುಂಡು ಬೆಳ್ಳಿ ಕೂಡಿಸಿ ಕಳಿಸಿದೆ. ಸೆವೆರಿನೊ ಕಾಯ್ತೀನಿ ಅಂದಿದ್ದ."

"ಕಾಯಲಿಲ್ಲ."

"ಕಲ್ಲಿನ ಮುಂದೆ ನಿಂತು ಕೈ ಹಿಡಿದು ಹೇಳಿದ್ದ, ಹನ್ನೆರಡು ಮೂಲೆ ಹೇಗೆ ಒಪ್ಪಿ ಕೂತಿವೆ ನೋಡು ಅಂತ."

ಲೆಯೊಕಾಡಿಯಾ ಕಣ್ಣು ಮುಚ್ಚಿದಳು. ಆ ಮಾತೂ ತನ್ನದಾಗಿರಲಿಲ್ಲ! ಎರಡು ವರ್ಷ ಯಾನಿರಾ ಕದ್ದಳು ಕದ್ದಳು ಅಂತ ಹೊಟ್ಟೆ ಸುಟ್ಟುಕೊಂಡದ್ದೆಲ್ಲ ಮೊದಲೇ ಯಾರದೋ ಎಂಜಲು. ಈ ಹೆಂಗಸಿನ ಕಥೆಯಲ್ಲಿ ಯಾನಿರಾ ಅಂದರೆ ತಾನೇ. ನಾಚಿಕೆಯಾಯಿತು, ಅಳು ಬಂತು, ಮತ್ತೆ, ಸುಳ್ಳೇಕೆ, ಈ ಎರ್ಮೆಲಿಂದಾಳ ಮೇಲೂ ಹೊಟ್ಟೆಕಿಚ್ಚಾಯಿತು. ಮೊದಲ ಸಲ ಕೇಳಿದವಳು ಇವಳು.

"ಆಮೇಲೆ ಯಾರೋ ತೋರಿಸಿದ್ರು, ಕಿರೀಟದ ಒಳಗಿನ ಹೆಸರಿನ ಫೋಟೋ," ಅಂದಳು ಎರ್ಮೆಲಿಂದಾ. "ಬೆಳ್ಳಿ ನನ್ನದು, ಹೆಸರು ನಿನ್ನದು. ಇಷ್ಟು ವರ್ಷ ಆದ್ಮೇಲೆ ಬಂದ್ರೆ ಸೆವೆರಿನೊ ನನ್ನ ಗುರುತೂ ಹಿಡೀಲಿಲ್ಲ. ಹೌದು, ತೆಗೆದೆ. ಕಳೆದ ವಾರ ಎಲ್ಲರೂ ಚಾವಣಿ ನೋಡ್ತಾ ಇದ್ದಾಗ ತೆಗೆದು ಕುದುರೆ ಹೊಟ್ಟೇಲಿ ಇಟ್ಟೆ. ಜೂಲಿನ ಕೆಳಗೆ ಹೊಟ್ಟೇಲಿ ತೂತಿರೋದು ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗಲೇ ಗೊತ್ತಿತ್ತು. ಜೂಲು ಎತ್ತೋದು ನಿಮ್ಮತ್ತೆ ಒಬ್ರೇ, ಅದೂ ಹಬ್ಬಕ್ಕೆ."

"ಕಿರೀಟ ಈಗ ನಿನ್ನ ಹತ್ರ ಇದೆಯಾ?"

"ಇದ್ದಿದ್ರೆ ನಾನಿಲ್ಲಿ ಜೋಳ ತಿಂತಾ ಕೂರ್ತಿದ್ನಾ? ಇವತ್ತು ಕೈ ಹಾಕಿದ್ರೆ ಕಿರೀಟ ಇಲ್ಲ. ಅದರ ಜಾಗದಲ್ಲಿ ಇದಿತ್ತು."

ಚೀಲದಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ಸಿಹಿರೊಟ್ಟಿಯ ಒಂದು ತುಂಡು. ಇವತ್ತಿನದೇ, ಇನ್ನೂ ಮೆತ್ತಗಿತ್ತು.

ಲೆಯೊಕಾಡಿಯಾ ತನ್ನ ಬಟ್ಟೆಗಂಟಿನಲ್ಲಿ ಉಳಿದದ್ದನ್ನು ಹೊರತೆಗೆದಳು. ಬೆಳಗಿನಿಂದ ತಾನು ಮುರಿಯುತ್ತ ಬಂದದ್ದು ಒಂದು ಕಡೆಯಿಂದ. ಇನ್ನೊಂದು ಕಡೆ, ತರುವಾಗಲೇ ಮುರಿದಿದ್ದ ಅಂಚು ಹಾಗೇ ಇತ್ತು. ಆ ಅಂಚಿಗೆ ಈ ತುಂಡನ್ನು ಇಟ್ಟಳು.

ಕೂಡಿತು. ಚಾಕು ತೂರಿಸುವಷ್ಟೂ ಸಂದಿಯಿರಲಿಲ್ಲ.

*

ಅವರಿಬ್ಬರೂ ಏರುದಾರಿಯಲ್ಲಿ ಓಡಿಬರುವಾಗ ಕೇರಿಯ ಹುಡುಗರು ಗಂಟೆಯ ಹಗ್ಗ ಬಿಚ್ಚುತ್ತಿದ್ದರು. ಊಟ ಮುಗಿಸಿದ ಪ್ರವಾಸಿಗಳು ಗೈಡನ್ನು ಹುಡುಕಿಕೊಂಡು ಅವರ ಹಿಂದೆಯೇ ಬಂದಿದ್ದರು.

ಇಗರ್ಜಿಯ ಮೆಟ್ಟಿಲ ಮೇಲೆ ಯಾನಿರಾ ಕೂತಿದ್ದಳು. ಸುತ್ತ ಹೆಂಗಸರು. ಅತ್ತು ಅತ್ತು ಅವಳ ಕೆನ್ನೆಯ ಗುಳಿಯಿದ್ದ ಜಾಗವೆಲ್ಲ ಊದಿತ್ತು. "ಜೂಲು ಸೊಟ್ಟಗಿತ್ತು, ನೆಟ್ಟಗೆ ಮಾಡಿದೆ ಅಷ್ಟೇ. ನನ್ನ ತಾಯಾಣೆ," ಅನ್ನುತ್ತಿದ್ದಳು. ಸೆವೆರಿನೊ ಬಾವುಟ ಹಿಡಿದು ಗೋಡೆಗೆ ಒರಗಿ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು.

"ಬಂದಳು ನನ್ನ ಸೊಸೆ!" ತೊಮಾಸಾ ಎದ್ದು ನಿಂತರು. "ಹೇಳು ತಾಯಿ. ಎಲ್ಲರ ಮುಂದೆ ಹೇಳು. ಕದ್ದವರು ಯಾರು?"

ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಯಾನಿರಾ ಇವತ್ತೇ ಊರು ಬಿಡುತ್ತಿದ್ದಳು. ಸೆವೆರಿನೊ ಒಂಟಿಯಾಗುತ್ತಿದ್ದ. ಅತ್ತೆ ಎಂದಿನಂತೆ ತನ್ನ ಪಕ್ಷ. ಎರಡು ವರ್ಷದಿಂದ ಹಾಸಿಗೆಯಲ್ಲಿ ಹೊರಳಿ ಹೊರಳಿ ಬೇಡಿಕೊಂಡದ್ದೆಲ್ಲ ಬಾಗಿಲಿಗೇ ಬಂದು ನಿಂತಿತ್ತು.

ಲೆಯೊಕಾಡಿಯಾ ರೊಟ್ಟಿಯ ಎರಡು ಭಾಗಗಳನ್ನು ಜೋಡಿಸಿ ಅತ್ತೆಯ ಮುಖದ ಮುಂದೆ ಹಿಡಿದಳು.

"ಈ ಹುಡುಗಿಯನ್ನ ಬಿಡಿ. ನಾನು ತಪ್ಪು ಹೇಳಿದೆ, ಹೊಟ್ಟೆಕಿಚ್ಚಿಗೆ ಹೇಳಿದೆ. ಮತ್ತೆ, ಅತ್ತೆ, ಇದನ್ನ ನಾಯಿ ತಿಂದಿಲ್ಲ. ಕಿರೀಟ ಎಲ್ಲಿ?"

ತೊಮಾಸಾ ರೊಟ್ಟಿ ನೋಡಿದರು. ಸೊಸೆಯ ಬೆನ್ನ ಹಿಂದಿದ್ದ ಎರ್ಮೆಲಿಂದಾಳನ್ನು ನೋಡಿದರು. ಗುರುತು ಹತ್ತಿತು, ಬೆಚ್ಚಲಿಲ್ಲ. ನಿಂತಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ನನ್ನ ಹತ್ರ ಇಲ್ಲ ಕಣೇ," ಅಂದರು. "ಬೆಳಗಿನ ಜಾವ ಕುದುರೆಗೆ ಹೊಸ ಜೂಲು ಹೊದಿಸೋದಕ್ಕೆ ಬಂದೆ. ಹೊಟ್ಟೆಗೆ ಕೈ ಹಾಕಿದ್ರೆ ಇದು ಸಿಕ್ತು."

ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಕಿರೀಟದಿಂದ ಉದುರಿದ ಒಂದು ಪುಟ್ಟ ಬೆಳ್ಳಿಯ ನಕ್ಷತ್ರ.

"ಕಿರೀಟ ಅಲ್ಲಿತ್ತು, ಆದ್ರೆ ಆಗಲೇ ಯಾರೋ ತೆಗೆದಾಗಿತ್ತು. ಇಟ್ಟವರು ಬಂದೇ ಬರ್ತಾರಲ್ಲ ಅಂತ ರೊಟ್ಟಿ ಇಟ್ಟೆ. ಮುಟ್ಟಿದವರಿಗೆ ನನ್ನ ಋಣ ಹತ್ತಲಿ ಅಂತ. ಆದ್ರೆ ತೆಗೆದವರು ಯಾರು? ವಾರ ಪೂರ್ತಿ ಬಾಗಿಲಿಗೆ ಬೀಗ. ಬೀಗಕ್ಕೆ ಕೀಲಿ ಎರಡೇ."

ಸೊಂಟದಲ್ಲಿದ್ದ ಕೀಲಿಯನ್ನು ಮುಟ್ಟಿಕೊಂಡರು.

"ಇನ್ನೊಂದು ಯಾರ ಹತ್ರ ಇದೆ ಅಂತ ನನ್ನ ಬಾಯಿಂದ ಹೇಗೆ ಹೇಳಲಿ? ಹೆತ್ತಿದ್ದೀನಿ. ಅದಕ್ಕೇ ತಾನೆ ನಿನಗೆ ರೊಟ್ಟಿ ತಿನ್ನಿಸಿದ್ದು. ಆಮೇಲೆ ನೀನು ಬಂದು ಯಾನಿರಾ ಅಂದಾಗ ನನ್ನ ಎದೆ ಹಗುರಾಯ್ತು ಕಣೇ, ದೇವರಾಣೆಗೂ ಹಗುರಾಯ್ತು."

ಕುದುರೆಯ ತಮಾಷೆ. ಇವತ್ತು ಅವನು ಕುದುರೆಯ ತಮಾಷೆ ಮಾಡಿರಲಿಲ್ಲ. ಹೊಟ್ಟೆ ತಟ್ಟಿರಲಿಲ್ಲ. ಕಳೆದ ವಾರ ತಟ್ಟಿದಾಗಲೇ ಒಳಗೆ ಏನೋ ಇದೆ ಅಂತ ಸದ್ದಿನಿಂದ ಅವನಿಗೆ ತಿಳಿದಿರಬೇಕು.

ಲೆಯೊಕಾಡಿಯಾ ಗೋಡೆಯ ಕಡೆ ತಿರುಗಿದಳು. ಎರ್ಮೆಲಿಂದಾ ತಿರುಗಿದಳು. ಯಾನಿರಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

ಮೇಲೆ ಹಬ್ಬದ ಗಂಟೆ ಮೊಳಗತೊಡಗಿತು. ಗೋಡೆಗೆ ಒರಗಿ ಕಾಮನಬಿಲ್ಲಿನ ಬಣ್ಣದ ಬಾವುಟ ಒಂದೇ ನಿಂತಿತ್ತು. ಅದರ ಕೆಳಗೆ ಪ್ರವಾಸಿಗಳು ಶಿಸ್ತಾಗಿ ಸಾಲುಗಟ್ಟಿ, ಮುಂದೆ ಎಲ್ಲಿಗೆ ಹೋಗುವುದು ಅಂತ ಕಾಯುತ್ತಿದ್ದರು.